ಘೋಡ್ ನದೀತೀರದ ಹಾಳೂರು

ನಮ್ಮ ಸೀಮೆಯ ಕಂದಾಯದ ಲೆಕ್ಕದ ಪುಸ್ತಕಗಳಲ್ಲಿ ಕೆಲವು ಗ್ರಾಮಗಳ ಹೆಸರಿನ ಮುಂದೆ ‘ಬೇಚಿರಾಕ್’ ಎಂಬ ಮಾತು ಬರೆದಿರುವುದುಂಟು. ಇದು ಪಾರಸಿ ನುಡಿ. ದೀಪವಿಲ್ಲದ್ದು ಎಂದು ಇದರ ಅರ್ಥ. ಹೊಲಗಳಿವೆ, ಮೇರೆಗಳಿವೆ, ಕಂದಾಯವೂ ಉಂಟು. ಆದರೆ ಸಂಜೆಯಾದರೆ ದೀಪ ಹೊತ್ತಿಸುವ ಮನೆ ಮಾತ್ರ ಒಂದೂ ಇಲ್ಲ. ಜನರು ಇಂಥ ಸ್ಥಳವನ್ನು ಹಾಳೂರೆಂದು ಕರೆಯುವರು. ಊರ ಹಿರಿಯರನ್ನು ಕೇಳಿದರೆ, ಪ್ಲೇಗಿನ ಕಾಲದಲ್ಲಿ ಬಿಟ್ಟರೆಂದೋ, ಬರಗಾಲಕ್ಕೆ ಗುಳೆ ಎದ್ದರೆಂದೋ, ದಂಡು ಸುಟ್ಟುಹೋಯಿತೆಂದೋ ಒಂದು ಕಾರಣವನ್ನು ಹೇಳಿಯಾರು. ಆದರೆ ಹೇಳುವುದಕ್ಕೆ ಯಾರೂ ಉಳಿಯದಷ್ಟು ಹಳೆಯದಾದ ಹಾಳೂರುಗಳೂ ಉಂಟು. ಅವುಗಳ ಕಥೆಯನ್ನು ಮಣ್ಣಿನಿಂದಲೇ ಓದಿ ತಿಳಿಯಬೇಕು. ಹಾಗೆ ಬಹು ಜಾಗ್ರತೆಯಿಂದ ಓದಲ್ಪಟ್ಟ ಒಂದು ಹಾಳೂರಿನ ವೃತ್ತಾಂತವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ಹೆತ್ತವರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಈ ಊರು ಮಹಾರಾಷ್ಟ್ರದ ಪುಣೆ ಜಿಲ್ಲೆಯ ಶಿರೂರು ತಾಲೂಕಿನಲ್ಲಿ ಘೋಡ್ ಎಂಬ ನದಿಯ ಬಲದಂಡೆಯ ಮೇಲಿದೆ. ಈಗಿನ ಹಳ್ಳಿಯ ಹೆಸರು ಇನಾಂಗಾಂವ್. ಹಾಳುದಿಬ್ಬಗಳು ಅದರ ಸಮೀಪದಲ್ಲಿವೆ. ಪುರಾತನರು ತಮ್ಮ ಊರನ್ನು ಏನೆಂದು ಕರೆದರೋ ಅದು ಅವರೊಂದಿಗೇ ಹೋಯಿತು, ಯಾಕೆಂದರೆ ಅವರಿಗೆ ಬರವಣಿಗೆ ಗೊತ್ತಿರಲಿಲ್ಲ. ಘೋಡ್ ನದಿಯು ಹರಿದು ಭೀಮಾನದಿಯನ್ನು ಕೂಡುವುದು. ಭೀಮೆಯು ಪಂಢರಪುರವನ್ನು ದಾಟಿ ವಿಜಯಪುರ, ಕಲಬುರಗಿ ಸೀಮೆಗಳಲ್ಲಿ ಬಂದು, ಗಾಣಗಾಪುರ, ಸನ್ನತಿಗಳ ಬದಿಯಿಂದ ಸಾಗಿ, ರಾಯಚೂರಿನ ಕಡೆಯಲ್ಲಿ ಕೃಷ್ಣೆಯನ್ನು ಸೇರುವುದೆಂದು ಭೂಗೋಲದ ಪಾಠದಲ್ಲಿ ನಾವು ಕಲಿಸಿದ್ದನ್ನು ಹಲವರು ಮರೆತಿರಲಿಕ್ಕಿಲ್ಲ. ಆದಕಾರಣ ಇನಾಂಗಾಂವಿನ ಬದಿಯಲ್ಲಿ ಹರಿದ ನೀರು ಕಡೆಗೆ ನಮ್ಮ ನಾಡಿಗೇ ಬರತಕ್ಕದ್ದು.

ಇಲ್ಲಿ ಒಟ್ಟು ಐದು ದಿಬ್ಬಗಳು. ಅವುಗಳಲ್ಲಿ ದೊಡ್ಡದರ ವಿಸ್ತಾರವು ಸುಮಾರು ೫ ಹೆಕ್ಟೇರು, ಎಂದರೆ ಹನ್ನೆರಡು ಎಕರೆಗಳಷ್ಟು. ಪುಣೆಯ ಡೆಕ್ಕನ್ ಕಾಲೇಜಿನ ಪಂಡಿತರಾದ ಎಚ್. ಡಿ. ಸಾಂಕಳಿಯಾ, ಎಂ. ಕೆ. ಧವಳೀಕರ, ಝಡ್. ಡಿ. ಅನ್ಸಾರಿ ಎಂಬವರೂ ಅವರ ಶಿಷ್ಯರೂ ೧೯೬೮ರಿಂದ ೧೯೮೩ರ ವರೆಗೆ ಇಲ್ಲಿ ಅಗೆತದ ಕೆಲಸವನ್ನು ನಡಿಸಿದರು. ಅದರ ವರದಿಯು ೧೯೮೮ರಲ್ಲಿ ಅಚ್ಚಾಯಿತು. ಭರತಖಂಡದಲ್ಲಿ ಅದಕ್ಕೆ ಮೊದಲು ನಡೆದ ಅನೇಕ ಅಗೆತಗಳು ಬಾವಿ ತೋಡಿದಂತೆ ಇಕ್ಕಟ್ಟಾದ ಕಂದಕವನ್ನು ಆಳವಾಗಿ ತೋಡಿ, ಯಾವ ಪದರದ ಮೇಲೆ ಯಾವ ಪದರವಿದೆಯೆಂದು ನೋಡುವುದರಲ್ಲಿಯೇ ತೃಪ್ತಿಪಟ್ಟವು. ಇನಾಂಗಾಂವಿನಲ್ಲಾದರೋ ಅಡ್ಡಗಲವಾಗಿ ಅಗೆದು, ಮನೆಯ ಪಕ್ಕದಲ್ಲಿ ಮನೆಯನ್ನೂ ಅಂಗಳದ ಪಕ್ಕದಲ್ಲಿ ಅಂಗಳವನ್ನೂ ಬಯಲುಪಡಿಸಿದರು. ಹೀಗೆ ೧೩೦ಕ್ಕೂ ಮಿಕ್ಕಿ ಮನೆಗಳ ನೆಲೆಗಳು ಕಂಡುಬಂದುವು. ಬಾವಿಯಂತೆ ತೋಡಿದರೆ ಕಾಲಗಣನೆ ಸಿಕ್ಕೀತು, ಊರು ಸಿಕ್ಕಲಾರದು.

ದಿಬ್ಬವು ಹೇಗೆ ಬೆಳೆಯುವುದೆಂಬುದನ್ನು ಎರಡು ಮಾತುಗಳಲ್ಲಿ ತಿಳಿಸುವುದು ಒಳ್ಳೆಯದು. ಮಣ್ಣಿನ ಮನೆಯು ಬಿದ್ದರೆ ಅದರ ಮಣ್ಣನ್ನು ಯಾರೂ ಹೊತ್ತು ಆಚೆಗೆ ಹಾಕುವುದಿಲ್ಲ. ಅದನ್ನೇ ತುಳಿದು ಮಟ್ಟಮಾಡಿ ಅದರ ಮೇಲೆ ಹೊಸ ಮನೆ ಕಟ್ಟುವರು. ಒಲೆಯ ಬೂದಿ, ಒಡೆದ ಮಡಕೆ, ತಿಂದು ಬಿಸಾಡಿದ ಎಲುಬು, ಕೊಟ್ಟಿಗೆಯ ಕಸ, ಇವೆಲ್ಲವು ಸೇರಿ ನೆಲವು ತಲೆಮಾರಿನಿಂದ ತಲೆಮಾರಿಗೆ ಏರುತ್ತ ಹೋಗುವುದು. ಆದದರಿಂದ ಕೆಳಗಿನದು ಹಳೆಯದು, ಮೇಲಿನದು ಹೊಸದು. ಈ ಮಣ್ಣು ಸುತ್ತಲಿನ ಎರೆಮಣ್ಣಿನಂತೆ ಕಪ್ಪಾಗಿರದೆ ಬೂದುಬಣ್ಣದ್ದಾಗಿರುವುದು. ಮರಾಠೀ ಒಕ್ಕಲಿಗರು ಇದನ್ನು ‘ಪಾಂಢರಿ’, ಎಂದರೆ ಬಿಳಿಮಣ್ಣು, ಎಂದು ಕರೆಯುವರು. ವರ್ಷಗಳ ಲೆಕ್ಕವನ್ನು ಒಲೆಯ ಇದ್ದಲೇ ಕೊಡುವುದು. ಸಜೀವವಾದ ಪ್ರತಿಯೊಂದು ಗಿಡದಲ್ಲಿಯೂ ಇಂಗಾಲದ ಒಂದು ವಿಶೇಷವಾದ ಅಂಶವಿದ್ದು, ಅದು ಗಿಡವು ಸತ್ತ ಮೇಲೆ ಗೊತ್ತಾದ ವೇಗದಲ್ಲಿ ಕ್ಷಯಿಸುತ್ತ ಸುಮಾರು ೫೭೩೦ ವರ್ಷಗಳಲ್ಲಿ ಅರ್ಧವಾಗುವುದು. ಉಳಿದಿರುವುದೆಷ್ಟೆಂದು ಅಳೆದರೆ ಮರವನ್ನು ಕಡಿದ ಕಾಲವು ಹತ್ತಿರಹತ್ತಿರವಾಗಿ ತಿಳಿಯುವುದು. ಅಮೆರಿಕದ ಲಿಬ್ಬಿ ಎಂಬ ರಸಾಯನಶಾಸ್ತ್ರಜ್ಞರು ಈ ಉಪಾಯವನ್ನು ೧೯೪೯ರಲ್ಲಿ ಲೋಕಕ್ಕೆ ತಿಳಿಸಿದರು. ಇದರಿಂದ ಇನಾಂಗಾಂವಿನ ಆಯುಸ್ಸನ್ನು ಮೂರು ಕಾಲಗಳಾಗಿ ಭಾಗಿಸಿರುವರು: ಕ್ರಿ. ಪೂ. ೧೬೦೦ರಿಂದ ೧೪೦೦ರ ವರೆಗಿನದು ಮಾಳವ ಕಾಲ. ೧೪೦೦ರಿಂದ ೧೦೦೦ದ ವರೆಗಿನದು ಪೂರ್ವ ಜೋರ್ವೆ ಕಾಲ. ೧೦೦೦ದಿಂದ ೭೦೦ರ ವರೆಗಿನದು ಉತ್ತರ ಜೋರ್ವೆ ಕಾಲ. ಜೋರ್ವೆ ಎಂಬುದು ಹಿಂದೆ ಅಹಮದನಗರವೆಂದು ಕರೆಯಲ್ಪಡುತ್ತಿದ್ದ ಜಿಲ್ಲೆಯ ಒಂದು ಹಳ್ಳಿ. ಈ ಜನರ ಮಡಕೆಗಳನ್ನು ಮೊದಲು ಗುರುತಿಸಿದ್ದು ಅಲ್ಲಿಯಾದದರಿಂದ ಆ ಹೆಸರು ನಿಂತಿತು. ಒಟ್ಟು ಒಂಬೈನೂರು ವರ್ಷ. ತಲೆಮಾರಿಗೆ ಇಪ್ಪತ್ತೈದು ವರ್ಷವೆಂದರೂ ಮೂವತ್ತಾರು ತಲೆಮಾರುಗಳು ಅಲ್ಲಿ ಬಾಳಿದವು. ಇಂದಿನ ದೊಡ್ಡ ಪಟ್ಟಣಗಳಲ್ಲಿ ಎಷ್ಟಕ್ಕೆ ಅಷ್ಟು ವಯಸ್ಸಾಗಿದೆ?

ಇನ್ನು ಮನೆಗಳ ವಿಷಯ. ಊರು ಸುಖವಾಗಿದ್ದ ಪೂರ್ವ ಜೋರ್ವೆ ಕಾಲದಲ್ಲಿ ಮನೆಗಳು ಚೌಕಟ್ಟಾಗಿ, ವಿಶಾಲವಾಗಿ, ಸಾಲುಗೊಂಡಿದ್ದುವು. ಮನೆಮನೆಗಳ ಮಧ್ಯದಲ್ಲಿ ಸುಮಾರು ಒಂದೂವರೆ ಮೀಟರಿನ ಓಣಿಯನ್ನು ಬಿಟ್ಟಿದ್ದರು. ನೆಲದಲ್ಲಿ ಕಂಬಗಳನ್ನು ನೆಟ್ಟು, ತಡಿಕೆ ಹೆಣೆದು, ಅದಕ್ಕೆ ಎರಡೂ ಕಡೆಯಿಂದ ಮಣ್ಣು ಮೆತ್ತಿ ಗೋಡೆ ಮಾಡುತ್ತಿದ್ದರು. ಮೇಲೆ ಹುಲ್ಲಿನ ಮಾಡು. ಕಂಬವು ಕೊಳೆತು ಹೋದರೂ ಅದನ್ನು ನೆಟ್ಟ ಕುಳಿಯು ಬೇರೆ ಬಣ್ಣದ ಮಣ್ಣಿನಿಂದ ತುಂಬಿಕೊಳ್ಳುವದರಿಂದ, ಮೂರು ಸಾವಿರ ವರ್ಷಗಳ ಮೇಲೆಯೂ ಮನೆಯ ನಕ್ಷೆಯನ್ನು ಬರೆಯಬಹುದು. ಒಳಗೆ ಒಂದು ಅಡ್ಡಗೋಡೆ, ಒಲೆ, ಬೀಸುವ ಕಲ್ಲು, ಮತ್ತು ಧಾನ್ಯವಿಡುವ ಏರ್ಪಾಡು.

ಈ ಧಾನ್ಯದ ಏರ್ಪಾಡನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಈಗ ಮನೆವಾರ್ತೆ ನೋಡುವವರಾದದರಿಂದ ಸ್ವಲ್ಪ ನಿಧಾನವಾಗಿ ಕೇಳಲಿ. ಮನೆಗಳ ನೆಲದಲ್ಲಿ ಮಣ್ಣಿನಿಂದ ಬಡಿದು ಗಟ್ಟಿಮಾಡಿದ ದುಂಡುಕಟ್ಟೆಗಳು ದೊರೆತಿವೆ. ಅವುಗಳ ಮೇಲೆ ಬುಟ್ಟಿಯಂತೆ ಹೆಣೆದು ಮಣ್ಣು ಬಳಿದ ಕಣಜಗಳನ್ನು ನಿಲ್ಲಿಸುತ್ತಿದ್ದರು. ತಂಪು ತಾಕದಂತೆ, ಇಲಿ ಕೊರೆಯದಂತೆ ಕಣಜವು ನೆಲದಿಂದ ಮೇಲಿರಬೇಕೆಂಬ ಎಚ್ಚರಿಕೆ ಇದರಲ್ಲಿ ಕಾಣುವುದು. ಬೇರೆ ಕೆಲವು ಕಡೆಗಳಲ್ಲಿ ನಾಲ್ಕು ಚಪ್ಪಟೆ ಕಲ್ಲುಗಳು ಚೌಕವಾಗಿ ಇಟ್ಟಂತೆಯೇ ಇದ್ದುವು. ನಾಲ್ಕು ಕಾಲಿನ ದೊಡ್ಡ ಮಣ್ಣಿನ ವಾಡೆಯ ಕಾಲುಗಳಿಗೆ ಅವು ಆಸರೆ. ಮೂರನೆಯದಾಗಿ ಒಳಗೆ ಸುಣ್ಣ ಬಳಿದ ಹಗೇವುಗಳಿದ್ದುವು. ವಿಜಯಪುರ, ಧಾರವಾಡದ ಕಡೆಯ ಹಳೆಯ ಮನೆಗಳನ್ನು ಕಂಡವರಿಗೆ ಈ ಮೂರನ್ನೂ ವಿವರಿಸುವ ಅಗತ್ಯವಿಲ್ಲ. ಕಣಜ, ವಾಡೆ, ಹಗೇವು ಎಂಬ ಮೂರು ಮಾತುಗಳು ನಮ್ಮ ಭಾಷೆಯಲ್ಲಿ ಇಂದಿಗೂ ಇವೆ. ಅರಮನೆಗಳು ಬಂದುವು, ಬಿದ್ದುವು. ಕಾಳನ್ನು ಕಾಪಾಡುವ ಹೆಂಗಸಿನ ಉಪಾಯವು ಹೆಚ್ಚು ಬದಲಾಗದೆ ಉಳಿಯಿತು.

ಕಾಳುಗಳು ಯಾವುವೆಂದು ತಿಳಿದುದೂ ಒಂದು ಸೋಜಿಗ. ಹಸಿಯ ಧಾನ್ಯವು ಮಣ್ಣಿನಲ್ಲಿ ಕೊಳೆತು ಹೋಗುವುದು. ಆದರೆ ಒಲೆಯಲ್ಲಿಯೋ ಬೆಂಕಿಯ ಅಪಘಾತದಲ್ಲಿಯೋ ಕರಿಕಾದ ಕಾಳು ಕೊಳೆಯದು. ಅಂಥ ಮಣ್ಣನ್ನು ನೀರಿನಲ್ಲಿ ಕದಡಿದರೆ ಕರಿಕಾಳುಗಳು ತೇಲಿ ಬರುವುವು. ಎಂ. ಡಿ. ಕಾಜಳೆ ಎಂಬ ಶಾಸ್ತ್ರಜ್ಞರು ಇವುಗಳನ್ನು ಪರೀಕ್ಷಿಸಿ ಗುರುತಿಸಿದರು. ಮುಖ್ಯವಾದ ಬೆಳೆ ಜವೆಗೋದಿ. ಅದರೊಂದಿಗೆ ಗೋದಿ, ಸ್ವಲ್ಪ ಬತ್ತ, ಮಸೂರ, ಬಟಾಣಿ, ಹುರುಳಿ. ಕಾಡಿನಿಂದ ಆಯ್ದು ತಂದ ಬೋರೆಹಣ್ಣು. ಗೋದಿ ಜವೆಗೋದಿಗಳು ಚಳಿಗಾಲದ ಬೆಳೆ, ಅಂದರೆ ಹಿಂಗಾರಿನವು. ಘೋಡ್ ಕಣಿವೆಯಾದರೋ ಸಹ್ಯಾದ್ರಿಯ ಮಳೆನೆರಳಿನ ನಾಡು. ಮಳೆಯ ಮೇಲೆ ಪೂರ್ಣ ಭರವಸೆ ಇಡುವ ಹಾಗಿಲ್ಲ. ದನ, ಕುರಿ, ಆಡುಗಳನ್ನು ಸಾಕುತ್ತಿದ್ದರು. ಎಲುಬುಗಳ ಮೇಲಣ ಕತ್ತಿಯ ಗುರುತುಗಳಿಂದ ಅವುಗಳ ಮಾಂಸವನ್ನು ತಿನ್ನುತ್ತಿದ್ದರೆಂದೂ ತಿಳಿಯುವುದು. ಹೊಳೆಯ ಮೀನೂ ಅವರ ಆಹಾರದಲ್ಲಿ ಸೇರಿತ್ತು. ತಾಮ್ರವು ಗೊತ್ತಿದ್ದರೂ ಅದು ದುರ್ಲಭ. ದಿನದ ಕೆಲಸಕ್ಕೆ ಕಲ್ಲಿನಿಂದ ಚಕ್ಕೆಯೆಬ್ಬಿಸಿದ, ಉಗುರಿನಂತೆ ತೆಳ್ಳಗಾದ ಅಲಗುಗಳೇ ಗತಿ. ಹೊಲ ಕೊಯ್ದದ್ದೂ, ತೊಗಲು ಸುಲಿದದ್ದೂ, ಸೊಪ್ಪು ಹೆಚ್ಚಿದ್ದೂ ಇವುಗಳಿಂದಲೇ.

ಮಳೆ ಸಾಲದ ನಾಡಿನಲ್ಲಿ ಹಿಂಗಾರು ಬೆಳೆಯುವುದಕ್ಕೆ ಅವರು ಮಾಡಿದ ಉಪಾಯವು ನಮಗೆ ಎಲ್ಲಕ್ಕಿಂತ ಹೆಚ್ಚು ಆಶ್ಚರ್ಯವನ್ನುಂಟುಮಾಡಿತು. ಊರ ಬದಿಯಲ್ಲಿ ಕಲ್ಲುಮಣ್ಣುಗಳ ಒಂದು ಒಡ್ಡನ್ನು ಹಾಕಿ, ಅದರ ಪಕ್ಕದಲ್ಲಿ ಒಂದು ಕಾಲುವೆಯನ್ನು ತೋಡಿದ್ದರು. ಅದು ಸುಮಾರು ೨೦೦ ಮೀಟರು ಉದ್ದ, ೪ ಮೀಟರು ಅಗಲ, ಮೂರೂವರೆ ಮೀಟರು ಆಳ. ನದಿಗೆ ನೆರೆ ಬಂದಾಗ ನೀರನ್ನು ಅದರಲ್ಲಿ ತಿರುಗಿಸಿ ಹೊಲಗಳಿಗೆ ಉಪಯೋಗಿಸುತ್ತಿದ್ದರೆಂದು ಅಗೆದವರ ಅಭಿಪ್ರಾಯ. ವಾಚಕರು ಲೆಕ್ಕ ಹಾಕಲಿ: ಇದು ಎರಡು ಸಾವಿರದ ಎಂಟುನೂರು ಘನಮೀಟರು ಮಣ್ಣು. ಕಬ್ಬಿಣದ ಗುದ್ದಲಿಯಿಲ್ಲ, ಹಾರೆಯಿಲ್ಲ. ಬೆಂಕಿಯಲ್ಲಿ ಮೊನೆ ಗಟ್ಟಿಮಾಡಿದ ಕೋಲು, ಬುಟ್ಟಿ, ಮನುಷ್ಯನ ಬೆನ್ನು, ಇಷ್ಟರಿಂದಲೇ ಆಗಬೇಕಾದ ಕೆಲಸ. ಇಂಥದ್ದು ಒಂದು ಮನೆಯಿಂದ ಆಗುವಂತಹದಲ್ಲ. ಯಾರು ಯಾವಾಗ ತೋಡಬೇಕು, ನೀರಿನ ಸರದಿ ಯಾರದು, ಹೂಳೆತ್ತುವುದು ಯಾರ ಪಾಲು ಎಂದು ಹೇಳುವವನೊಬ್ಬನು ಬೇಕು. ಹೇಳಿದರೆ ಕೇಳುವವರೂ ಬೇಕು.

ಅಂಥವನು ಇದ್ದನೆಂಬುದಕ್ಕೂ ಗುರುತುಗಳುಂಟು. ಊರ ನಡುವೆ ಐದು ಕೋಣೆಗಳ ಒಂದು ಮನೆ; ಅದಕ್ಕೆ ತಗಲಿಕೊಂಡು, ಕಣಜದ ಕಟ್ಟೆಗಳಿಂದಲೂ ಹಗೇವುಗಳಿಂದಲೂ ತುಂಬಿದ ಒಂದು ಕಟ್ಟಡ. ಬೇರೆ ಮನೆಗಳಲ್ಲಿ ಒಂದೆರಡು ಕೋಣೆಗಳು ಮಾತ್ರ. ಊರಿನ ಜನರು ಕೊಟ್ಟ ಪಾಲು ಈ ಉಗ್ರಾಣದಲ್ಲಿ ಸೇರುತ್ತಿತ್ತೆಂದೂ, ಐದು ಕೋಣೆಗಳವನು ಊರ ಗೌಡನೆಂದೂ ಪಂಡಿತರು ಊಹಿಸಿರುವರು. ನಮಗೂ ಅದು ಸರಿಯೆಂದು ತೋರುವುದು. ಕುಂಬಾರ, ಅಕ್ಕಸಾಲಿ, ಸುಣ್ಣ ಸುಡುವವನು, ದಂತದ ಕೆಲಸದವನು, ಇವರ ಮನೆಗಳು ಊರ ಪಶ್ಚಿಮದ ಅಂಚಿನಲ್ಲಿದ್ದುವು. ಉಳ್ಳ ಒಕ್ಕಲಿಗರ ಮನೆಗಳು ನಡುವೆ. ನಡುಮನೆಯವರು, ಕಡೆಯ ಓಣಿಯವರು ಎಂಬ ಭೇದವು ನಮ್ಮ ಹಳ್ಳಿಗಳಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಆದರೆ ಆ ಕಡೆಯ ಓಣಿಯ ಕುಂಬಾರನ ಕೈಗುಣವನ್ನು ನೋಡಬೇಕು. ಜೋರ್ವೆ ಮಡಕೆಗಳು ಕೆಂಪು ಮೈಯ ಮೇಲೆ ಕಪ್ಪು ಗೆರೆಗಳ ಚಿತ್ರವುಳ್ಳವು. ಬಟ್ಟಲುಗಳೂ, ಉದ್ದ ಮೂತಿಯ ಗಿಂಡಿಗಳೂ ವಿಶೇಷ. ದುಂಡಾದ ಆವಿಗೆಯಲ್ಲಿ ಎಷ್ಟು ಹದವಾಗಿ ಸುಟ್ಟಿದ್ದಾನೆಂದರೆ ಬೆರಳಿನಿಂದ ಬಡಿದರೆ ಲೋಹದಂತೆ ನಾದ ಕೊಡುವುದು.

ಇನ್ನು ಹೇಳತಕ್ಕದ್ದನ್ನು ಹೆತ್ತವರು ಮನಸ್ಸನ್ನು ಗಟ್ಟಿಮಾಡಿ ಓದಬೇಕು. ಈ ಜನರು ತಮ್ಮ ಸತ್ತವರನ್ನು ಊರ ಹೊರಗಿನ ಸ್ಮಶಾನಕ್ಕೆ ಒಯ್ಯುತ್ತಿರಲಿಲ್ಲ. ಮನೆಯ ನೆಲದ ಕೆಳಗೇ, ಅಂಗಳದ ಕೆಳಗೇ ಹೂಳುತ್ತಿದ್ದರು. ದೊರೆತ ಸಮಾಧಿಗಳಲ್ಲಿ ಬಹುಪಾಲು ಎಳೆಯ ಮಕ್ಕಳವು. ಮಗು ಸತ್ತರೆ ಎರಡು ಮಡಕೆಗಳನ್ನು ತಂದು, ಅದರ ದೇಹವನ್ನು ಅವುಗಳಲ್ಲಿಟ್ಟು, ಬಾಯಿಗೆ ಬಾಯಿ ಕೂಡಿಸಿ, ಗುಂಡಿಯಲ್ಲಿ ಅಡ್ಡವಾಗಿ ಮಲಗಿಸುವರು. ಬದಿಯಲ್ಲಿ ಒಂದು ಗಿಂಡಿ, ಒಂದೆರಡು ಬಟ್ಟಲು. ಆಮೇಲೆ ಮಣ್ಣು ಮುಚ್ಚಿ, ನೆಲವನ್ನು ಸಾರಿಸಿ, ಅದರ ಮೇಲೆಯೇ ಅಡಿಗೆ ಮಾಡುತ್ತ, ಮಲಗುತ್ತ, ಇನ್ನೊಂದು ಮಗುವನ್ನು ಆಡಿಸುತ್ತ ಇರುವರು. ಇದು ಮೂಢತನವೆಂದು ಒಬ್ಬರು ಹೇಳಿಯಾರು. ಸತ್ತ ಕೂಸನ್ನು ಮನೆಯಿಂದಾಚೆ ಬಿಡಲಾರದ ತಾಯಿಯ ಸಂಕಟವೆಂದು ನಮಗೆ ತೋರುವುದು. ಎರಡು ಮಡಕೆಗಳು ಬಾಯಿ ಕೂಡಿಸಿದಾಗ ಗರ್ಭದ ಆಕಾರವಾಗುವುದೆಂದು ಹೇಳುವವರೂ ಉಂಟು.

ದೊಡ್ಡವರನ್ನಾದರೋ ತಲೆ ಉತ್ತರಕ್ಕೆ ಮಾಡಿ ಅಂಗಾತನೆ ಮಲಗಿಸುತ್ತಿದ್ದರು; ಆದರೆ ಹೂಳುವ ಮೊದಲು ಹರಡಿನ ಬಳಿಯಲ್ಲಿ ಪಾದಗಳನ್ನು ಕಡಿದುಬಿಡುತ್ತಿದ್ದರು. ಸತ್ತವರು ಎದ್ದು ನಡೆದಾಡಿ ಬದುಕಿದವರನ್ನು ಕಾಡಬಾರದೆಂಬ ಭಯವೋ, ಮನೆಯನ್ನು ಬಿಟ್ಟು ಹೋಗದೆ ಇಲ್ಲಿಯೇ ಇರಲಿ ಎಂಬ ಆಶೆಯೋ, ಎರಡೂ ಹೇಳಬಹುದಾದ ಮಾತುಗಳೇ. ಈ ನಿಯಮಕ್ಕೆ ಒಂದು ಹೆಸರಾಂತ ಅಪವಾದವುಂಟು. ಉತ್ತರ ಜೋರ್ವೆ ಕಾಲದ ಒಂದು ಐದು ಕೋಣೆಯ ಮನೆಯ ಅಂಗಳದಲ್ಲಿ, ನಾಲ್ಕು ಕಾಲುಗಳುಳ್ಳ, ಮನುಷ್ಯನ ಮುಂಡದ ಆಕಾರವನ್ನು ಹೋಲುವ, ಸುಡದ ಮಣ್ಣಿನ ಒಂದು ದೊಡ್ಡ ವಾಡೆಯು ಸಿಕ್ಕಿತು. ಅದರೊಳಗೆ ಸುಮಾರು ನಾಲ್ವತ್ತು ವರ್ಷ ಪ್ರಾಯದ ಗಂಡಸು ಕುಳಿತ ಭಂಗಿಯಲ್ಲಿದ್ದನು. ಅವನ ಪಾದಗಳನ್ನು ಕಡಿದಿರಲಿಲ್ಲ. ಕಾಳನ್ನು ತುಂಬುವ ವಾಡೆಯ ರೂಪದಲ್ಲಿಯೇ ಗೌಡನನ್ನು ಇಟ್ಟದ್ದು ಆ ಜನರಿಗೆ ಅರ್ಥವಿಲ್ಲದ ಕೆಲಸವಾಗಿರಲಿಕ್ಕಿಲ್ಲ.

ಅವರ ದೇವರುಗಳ ವಿಷಯದಲ್ಲಿ ಹೆಚ್ಚು ಹೇಳಲಾಗದು. ಒಂದು ಮನೆಯ ನೆಲದ ಕೆಳಗೆ ಮುಚ್ಚಳವುಳ್ಳ ಮಣ್ಣಿನ ಪುಟ್ಟ ಕರಡಿಗೆಯೊಂದು ಸಿಕ್ಕಿತು. ಅದರೊಂದಿಗೆ ಹಸಿಮಣ್ಣಿನ ಸ್ತ್ರೀವಿಗ್ರಹಗಳೂ ಒಂದು ಗೂಳಿಯೂ ಇದ್ದುವು. ಒಂದು ವಿಗ್ರಹಕ್ಕೆ ತಲೆಯಿಲ್ಲ. ಹೊಟ್ಟೆಯಲ್ಲಿ ಒಂದು ತೂತು. ಗೂಳಿಯ ಬೆನ್ನಿನಲ್ಲಿಯೂ ಅಂಥದೇ ತೂತು. ಒಂದು ಕಡ್ಡಿಯನ್ನು ಸಿಕ್ಕಿಸಿದರೆ ದೇವಿಯು ಗೂಳಿಯ ಮೇಲೆ ನಿಲ್ಲುವಳು. ಮಣ್ಣನ್ನು ಸುಡದೆ ಇಟ್ಟುದರಿಂದ, ಇದು ಬಹುಕಾಲ ಪೂಜಿಸುವ ಮೂರ್ತಿಯಲ್ಲ, ಒಂದು ಹರಕೆಗಾಗಿ ಮಾಡಿ ಹೂಳಿದ್ದೆಂದು ತೋರುವುದು. ಅದೇ ನೆಲದ ಕೆಳಗೆ ಅಷ್ಟೊಂದು ಮಕ್ಕಳ ಮಡಕೆಗಳಿರುವಾಗ, ಹರಕೆಯು ಯಾವುದಕ್ಕಾಗಿ ಎಂದು ಊಹಿಸುವುದು ಕಠಿಣವಲ್ಲ.

ಕ್ರಿ. ಪೂ. ೧೦೦೦ದ ಹೊತ್ತಿಗೆ ಊರಿನ ಸ್ಥಿತಿಯು ಇಳಿಯತೊಡಗಿತು. ಈ ಇಳಿತವು ಮಣ್ಣಿನಲ್ಲಿ ಕಾಣುವ ರೀತಿಯನ್ನು ನೋಡಿರಿ. ಚೌಕಟ್ಟಾದ ದೊಡ್ಡ ಮನೆಗಳು ಬಹುಮಟ್ಟಿಗೆ ನಿಂತುಹೋಗಿ ಅವುಗಳ ಸ್ಥಾನದಲ್ಲಿ ಸಣ್ಣ ದುಂಡು ಗುಡಿಸಲುಗಳು ಬಂದುವು. ಮೊದಲು ಒಂದು ಮಾಡಿನ ಕೆಳಗೆ ಇದ್ದ ಸಂಸಾರವು ಈಗ ಎರಡು ಮೂರು ಗುಡಿಸಲುಗಳ ಗುಂಪಾಗಿ ಇರತೊಡಗಿತು. ಕಾಲುವೆಯು ಹೂಳಿನಿಂದ ತುಂಬಿಕೊಂಡಿತು, ಅದನ್ನು ಎತ್ತಿಸುವವರಿಲ್ಲ. ಗೋದಿ ಕಡಮೆಯಾಯಿತು. ಎಲುಬುಗಳ ರಾಶಿಯಲ್ಲಿ ಜಿಂಕೆ ಮೊದಲಾದ ಕಾಡುಪ್ರಾಣಿಗಳದು ಹೆಚ್ಚಾಯಿತು, ಎಂದರೆ ಹೊಲವು ಕೊಡದ್ದನ್ನು ಅಡವಿಯಿಂದ ತರಬೇಕಾಯಿತು. ಮಡಕೆಯ ಚೆಲುವೂ ಕುಂದಿತು. ಉತ್ತರದ ಕಡೆ ಪ್ರವರಾ, ಗೋದಾವರಿ ಕಣಿವೆಗಳಲ್ಲಿದ್ದ ಇವರ ಬಳಗದ ಊರುಗಳು ಆಗಲೇ ಬರಿದಾಗಿದ್ದುವು. ಭೀಮಾ ಕಣಿವೆಯವರು ಹಟಹಿಡಿದು ಮುನ್ನೂರು ವರ್ಷ ನಿಂತರು.

ಆ ಮುನ್ನೂರು ವರ್ಷಗಳ ಬೆಲೆಯನ್ನು ಯಾರು ತೆತ್ತರೆಂಬುದು ಇತ್ತೀಚೆಗೆ ಇನ್ನೂ ಸ್ಪಷ್ಟವಾಯಿತು. ಮಕ್ಕಳ ಅಸ್ಥಿಪಂಜರಗಳನ್ನು ಪರೀಕ್ಷಿಸುವ ಒಂದು ಕ್ರಮವುಂಟು. ಹಲ್ಲು ಮೂಡುವ ಕ್ರಮವು ಹಸಿವಿನಿಂದ ಬಹಳ ವ್ಯತ್ಯಾಸ ಹೊಂದುವುದಿಲ್ಲ. ಆದಕಾರಣ ಹಲ್ಲಿನಿಂದ ಮಗುವಿನ ಪ್ರಾಯವು ತಿಳಿಯುವುದು. ಕೈಕಾಲಿನ ಎಲುಬುಗಳ ಬೆಳವಣಿಗೆಯಾದರೋ ಆಹಾರವನ್ನೂ ಆರೋಗ್ಯವನ್ನೂ ಹೊಂದಿಕೊಂಡಿರುವುದು. ಎರಡನ್ನೂ ಹೋಲಿಸಿದರೆ ಮಗುವು ಪ್ರಾಯಕ್ಕೆ ತಕ್ಕಷ್ಟು ಬೆಳೆದಿತ್ತೋ ಇಲ್ಲವೋ ಗೊತ್ತಾಗುವುದು. ಗ್ವೆನ್ ರಾಬಿನ್ಸ್ ಶುಗ್ ಎಂಬ ಅಮೆರಿಕದ ವಿದುಷಿಯು ಇನಾಂಗಾಂವಿನ ಮಕ್ಕಳ ಎಲುಬುಗಳನ್ನು ಹೀಗೆ ಅಳೆದು ೨೦೧೧ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಉತ್ತರ ಜೋರ್ವೆ ಕಾಲದ ಮಕ್ಕಳ ಬೆಳವಣಿಗೆಯು ಹಿಂದಿನವರಿಗಿಂತ ಕುಂಠಿತವಾಗಿದ್ದಿತೆಂದು ಅದರಿಂದ ತಿಳಿದುಬಂದಿದೆ. ಆಸ್ಪತ್ರೆಯಲ್ಲಿ ಕೂಸನ್ನು ತೂಕಹಾಕಿ ದಾದಿಯು ಒಂದು ಪಟ್ಟಿಯಲ್ಲಿ ಗೆರೆ ಎಳೆಯುವುದನ್ನು ನಮ್ಮ ತಾಯಂದಿರೆಲ್ಲರೂ ಬಲ್ಲರು. ಮೂರು ಸಾವಿರ ವರ್ಷ ತಡವಾಗಿ ಆ ಗೆರೆಯನ್ನು ಈ ಮಕ್ಕಳಿಗೂ ಎಳೆದಂತಾಯಿತು. ಅದು ಕೆಳಮುಖವಾಗಿದೆ.

ಕಾರಣವೇನು? ಅಗೆದವರು ಹೇಳಿದ್ದು, ಕ್ರಿ. ಪೂ. ಒಂದು ಸಾವಿರದ ಸುಮಾರಿಗೆ ಮಳೆಯು ಕಡಮೆಯಾಗುತ್ತ ನಾಡು ಒಣಗಿತು, ಆದಕಾರಣ ಒಕ್ಕಲಿಗರು ಕುರಿ ಆಡುಗಳನ್ನು ನಂಬಿ ಅರೆ ಅಲೆಮಾರಿಗಳಾದರು, ಕಡೆಗೆ ಕ್ರಿ. ಪೂ. ೭೦೦ರ ಸುಮಾರಿಗೆ ಊರನ್ನೇ ಬಿಟ್ಟರು ಎಂದು. ದುಂಡು ಗುಡಿಸಲುಗಳು ಅಲೆಮಾರಿಗಳ ಬಿಡಾರಗಳನ್ನು ಹೋಲುವುದೂ ಅವರಿಗೆ ಒಂದು ಆಧಾರ. ಈಚಿನ ಕೆಲವು ಪಂಡಿತರಾದರೋ ಇದು ಅಷ್ಟು ಸರಳವಲ್ಲವೆನ್ನುವರು: ಈ ನಾಡಿನ ಹವೆಯು ಅದಕ್ಕೆ ಬಹಳ ಹಿಂದಿನಿಂದಲೂ ಒಣಹವೆಯೇ, ಜನರು ಮೊದಲು ಅಲ್ಲಿ ನೆಲೆಸಿದ್ದೂ ಇಂಥ ಹವೆಯಲ್ಲಿಯೇ, ಮಳೆಯೊಂದೇ ತಪ್ಪಿತೆಂದು ಹೇಳುವುದಕ್ಕಿಂತ ಹೆಚ್ಚಿದ ಮಕ್ಕಳುಮರಿ, ಸವೆದ ನೆಲ, ಬದಲಾದ ಬೇಸಾಯ ಇವೆಲ್ಲವನ್ನು ಕೂಡಿಸಿ ನೋಡಬೇಕು ಎಂದು. ನಮ್ಮ ಅಭಿಪ್ರಾಯದಲ್ಲಿ ಹೂಳಿದ ಕಾಲುವೆಯ ಸಾಕ್ಷಿಗೆ ಇನ್ನಷ್ಟು ಬೆಲೆ ಕೊಡಬೇಕು. ಬರಗಾಲದಲ್ಲಿ ಕಾಲುವೆಯು ಬತ್ತೀತು. ಆದರೆ ಹೂಳು ತುಂಬುವುದು ನೀರು ಬಂದಾಗಲೇ. ನೀರು ಬಂದಾಗಲೂ ಅದನ್ನು ತೆಗೆಯದೆ ಬಿಟ್ಟರೆಂದರೆ, ಕೂಡಿ ದುಡಿಯುವ ಕಟ್ಟು ಆಗಲೇ ಸಡಿಲಾಗಿತ್ತೆಂದು ತಿಳಿಯಬೇಕಲ್ಲವೇ? ಗುಡಿಸಲುಗಳ ನಡುವೆಯೂ ಐದು ಕೋಣೆಯ ಮನೆಯೊಂದು ಉಳಿದಿತ್ತೆಂಬುದನ್ನೂ, ಅದರ ಅಂಗಳದಲ್ಲಿ ಪಾದಗಳು ಕುಂದದ ಗೌಡನು ಕುಳಿತಿದ್ದನೆಂಬುದನ್ನೂ ಇದರೊಂದಿಗೆ ನೆನಸಬೇಕು. ಬಡತನವು ಊರಿಗೆಲ್ಲ ಸಮನಾಗಿ ಬರಲಿಲ್ಲ.

ಈ ಜನರಿಗೂ ನಮ್ಮ ಕನ್ನಡನಾಡಿನ ಪುರಾತನ ಒಕ್ಕಲಿಗರಿಗೂ ಪರಿಚಯವಿದ್ದಿತು. ಜೋರ್ವೆ ಮಾದರಿಯ ಮಡಕೆಯ ಚೂರುಗಳು ಬಳ್ಳಾರಿ ಸೀಮೆಯ ತೆಕ್ಕಲಕೋಟೆಯಲ್ಲಿಯೂ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲಿಯೂ ದೊರೆತಿವೆ. ೧೯೪೭ರಲ್ಲಿ ಮಾರ್ಟಿಮರ್ ವೀಲರ್ ಎಂಬವರು ಬ್ರಹ್ಮಗಿರಿಯನ್ನು ಅಗೆದಾಗ ಅಲ್ಲಿಯೂ ಮಡಕೆಗಳಲ್ಲಿ ಹೂಳಿದ ಎಳೆಮಕ್ಕಳು ಸಿಕ್ಕಿದರು. ತುಂಗಭದ್ರೆಯ ದಂಡೆಯ ಹಳ್ಳೂರಿನಲ್ಲಿ, ೧೯೬೫ರಲ್ಲಿ ಎಂ. ಎಸ್. ನಾಗರಾಜರಾಯರು ಅಗೆತವನ್ನು ನಡಿಸಿದಾಗ, ಅದೇ ಪದ್ಧತಿ ಕಾಣಬಂತು. ಘೋಡ್ ನದಿಯ ತಾಯಿಯೂ ತುಂಗಭದ್ರೆಯ ತಾಯಿಯೂ ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿತ್ತೋ ಇಲ್ಲವೋ. ಕೂಸು ಸತ್ತ ದಿನ ಇಬ್ಬರೂ ಮಡಕೆಯನ್ನೇ ಹುಡುಕಿದರು.

ಹಳ್ಳಿಗಳಲ್ಲಿ ನೆಲೆಸಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಒಂದು ಬಿನ್ನಹ ಉಂಟು. ಹಳೆಯ ಊರುದಿಬ್ಬದ ಬೂದುಮಣ್ಣು ಬೆಳೆಗೆ ಒಳ್ಳೆಯ ಗೊಬ್ಬರ. ಆದದರಿಂದ ಅದನ್ನು ಅಗೆದು ಹೊಲಕ್ಕೆ ಸಾಗಿಸುವುದು ಬಹುಕಾಲದ ರೂಢಿ. ಮೊದಲು ಬಂಡಿಗಳಲ್ಲಿ, ಈಗ ಟ್ರ್ಯಾಕ್ಟರುಗಳಲ್ಲಿ. ನಮ್ಮ ಕಡೆಯ ಬೂದಿದಿಬ್ಬಗಳ ಗತಿಯೂ ಹೀಗೆಯೇ ಆಗುತ್ತಿದೆ. ಒಕ್ಕಲಿಗನನ್ನು ಹಳಿದು ಪ್ರಯೋಜನವಿಲ್ಲ. ಅವನಿಗೆ ಅದು ಗೊಬ್ಬರವೆಂದು ಗೊತ್ತು, ಮತ್ತೇನೆಂದು ಯಾರೂ ಹೇಳಿಲ್ಲ. ನಿಮ್ಮ ಊರ ಬದಿಯಲ್ಲಿ ಇಂಥ ದಿಬ್ಬವಿದ್ದು, ಮಣ್ಣು ತೆಗೆಯುವಾಗ ಬಣ್ಣದ ಮಡಕೆಯ ಚೂರುಗಳೋ, ಬಾಯಿ ಕೂಡಿಸಿದ ಮಡಕೆಗಳೋ, ಕಲ್ಲಿನ ಸಣ್ಣ ಅಲಗುಗಳೋ ಕಂಡರೆ, ಅವುಗಳನ್ನು ಕಿತ್ತು ಮನೆಗೆ ತರಬೇಡಿರಿ. ಇದ್ದಲ್ಲಿಯೇ ಇರಲಿ, ಯಾಕೆಂದರೆ ಪದರದಿಂದ ಕಿತ್ತ ಚೂರು ತನ್ನ ಕಾಲವನ್ನು ಹೇಳಲಾರದು. ರಾಜ್ಯದ ಪುರಾತತ್ವ ಇಲಾಖೆಗೆ ಒಂದು ಕಾಗದ ಬರೆಯಿರಿ. ಊರ ಶಾಲೆಯ ಉಪಾಧ್ಯಾಯರಿಗೂ ತಿಳಿಸಿರಿ. ಇನಾಂಗಾಂವಿನಲ್ಲಿ ದೊರೆತ ಕರಿಕಾದ ಕಾಳು ಒಂದೊಂದೂ ಉಗುರಿನ ತುದಿಯಲ್ಲಿ ನಿಲ್ಲುವಷ್ಟು ಚಿಕ್ಕದು. ಅಂಥ ಎಷ್ಟನ್ನು ಒಂದು ಟ್ರ್ಯಾಕ್ಟರು ಮಣ್ಣು ಹೊತ್ತೊಯ್ಯುವುದೋ ಲೆಕ್ಕವಿಲ್ಲ.